ಹುಣಿಸೆಯ ಮರವೂ ಹೆಜ್ಜಾರ್ಲೆಯ ಋಣವೂ

ಹಕ್ಕಿಗಳನ್ನು ಉಳಿಸಿದವರಾರೆಂದು ಕೇಳಿದರೆ ನಾವು ಪುಸ್ತಕದಲ್ಲಿ ಹೆಸರು ಅಚ್ಚಾದವರನ್ನು ನೆನೆಯುತ್ತೇವೆ. ಅದು ಸರಿಯೆ, ಆದರೆ ಅಷ್ಟೇ ಸಾಲದೆಂಬುದು ನನ್ನ ಅಭಿಪ್ರಾಯ. ನಿದರ್ಶನಕ್ಕೆ ದೂರ ಹೋಗಬೇಕಾಗಿಲ್ಲ. ನಮ್ಮ ಹೊಂಗನೂರಿನವರಿಗೆ ನೆರೆಯ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರೇ ಸಾಕು.

ಕಡಲಹಕ್ಕಿಗಳಿಗೆ ನೆಂಟನೆನಿಸಿದ ಹೆಜ್ಜಾರ್ಲೆಯೂ ಬಣ್ಣದ ಕೊಕ್ಕರೆಯೂ ವರ್ಷವರ್ಷವೂ ಅಲ್ಲಿಗೆ ಬಂದು, ಮನೆಗಳ ನಡುವಣ ಹುಣಿಸೆಮರಗಳಲ್ಲಿ ಗೂಡು ಕಟ್ಟಿ ಮರಿಮಾಡುತ್ತವೆ. 1976ರಲ್ಲಿ ಇದನ್ನು ಕಂಡ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರು, ಮರುವರ್ಷ ಬೊಂಬಾಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಹೆಜ್ಜಾರ್ಲೆ ನೆಲೆಯೊಂದರ ‘ಶೋಧ’ವೆಂದು ಬರೆದು ವಿದ್ವಾಂಸರಿಗೆ ತಿಳಿಸಿದರು. 1980ರ ದಶಕದಲ್ಲಿ ಬೆಂಗಳೂರಿನ ಬೀದಿಗಳಲ್ಲಿ ಲಕ್ಷಾಂತರ ಸಸಿಗಳನ್ನು ನೆಡಿಸಿದವರೂ ಅವರೇ. 2021ರಲ್ಲಿ ತೀರಿಕೊಂಡ ಆ ಮಹನೀಯರ ಉಪಕಾರ ದೊಡ್ಡದು.

ಆದರೆ ಬೆಳ್ಳೂರಿನವರಿಗೆ ಅದು ಶೋಧವಾಗಿರಲಿಲ್ಲ. ಪ್ಲೇಗಿನ ಕಾಲದಲ್ಲಿ ಊರು ಜಾಗ ಬದಲಿಸಿದಾಗ ಹಕ್ಕಿಗಳೂ ಜನರ ಹಿಂದೆಯೇ ಬಂದುವೆಂದು ಅಲ್ಲಿನ ಹಿರಿಯರು ಹೇಳುತ್ತಾರೆ. ಹಕ್ಕಿ ಬಂದರೆ ಊರಿಗೆ ಶುಭವೆಂಬ ನಂಬಿಕೆ ಅವರದು. ಹಿಕ್ಕೆ ಹೊಲಕ್ಕೆ ಗೊಬ್ಬರವಾಗುವುದು ನಿಜ. ಆದರೆ ಅದೇ ಹಿಕ್ಕೆ ಬಿದ್ದು ಹುಣಿಸೆಯ ಫಸಲು ಕೆಡುವುದೂ ನಿಜ. ರೈತನ ಮನೆಯಲ್ಲಿ ಹುಟ್ಟಿ, ಆ ಮನೆಯಿಂದ ಮೊದಲಿಗನಾಗಿ ಕಾಲೇಜು ಕಂಡ ನಾನು, ಒಂದು ಮರದ ಹುಣಿಸೆಹಣ್ಣೆಂದರೆ ಎಷ್ಟೆಂಬುದನ್ನು ಬಲ್ಲೆ. ಅದು ಉಪ್ಪು, ಎಣ್ಣೆಯ ದುಡ್ಡು, ಮಕ್ಕಳ ಫೀಜು.

ಅರಣ್ಯ ಇಲಾಖೆ ಇಂಥ ಮರಗಳಿಗೆ ಪರಿಹಾರ ಕೊಡುತ್ತ ಬಂದಿದೆ. ಮೈಸೂರಿನ ಕೆ. ಮನು ಅವರು 1994ರಿಂದ ಊರಿನ ಯುವಕರನ್ನು ‘ಹೆಜ್ಜಾರ್ಲೆ ಬಳಗ’ವಾಗಿ ಕೂಡಿಸಿ, ಗೂಡಿನಿಂದ ಬಿದ್ದ ಮರಿಗಳಿಗೆ ಮೀನುಣಿಸಿ ಸಾಕಿದರು. 2007ರಲ್ಲಿ ಊರು ಸಮುದಾಯ ಮೀಸಲು ಪ್ರದೇಶವಾಯಿತು. ಇವೆಲ್ಲ ಸಂತೋಷದ ಸಂಗತಿಗಳು. ಆದರೂ ಪರಿಹಾರವನ್ನು ದಾನವೆಂದು ಎಣಿಸುವವರಿದ್ದಾರೆ. ಅದು ದಾನವಲ್ಲ, ಸಾಲದ ತೀರುವೆ. ಫಸಲಿನ ಬೆಲೆ ಏರಿದಂತೆ ಅದೂ ಏರಬೇಕು, ಹೊತ್ತಿಗೆ ಸರಿಯಾಗಿ ಕೈಸೇರಬೇಕು. ಇಲ್ಲವಾದರೆ ಬಡವನು ಮರವನ್ನು ಸೌದೆಗೆ ಮಾರಿದಾಗ ಅವನನ್ನು ದೂರುವ ಹಕ್ಕು ನಮಗಿರದು.

ನಮ್ಮ ತಾಲ್ಲೂಕಿನವರಿಗೂ ಹೊಣೆಯುಂಟು. ಮೀನಿಗಾಗಿ ಮೈಲಿಗಟ್ಟಲೆ ಹಾರುವ ಹೆಜ್ಜಾರ್ಲೆ ಗಡಿಕಲ್ಲನ್ನು ನೋಡುವುದಿಲ್ಲ. 2017-18ರಲ್ಲಿ ಬೆಳ್ಳೂರಿನ ಅನೇಕ ಹೆಜ್ಜಾರ್ಲೆಗಳು ಹೊಟ್ಟೆಯಲ್ಲಿ ಜಂತುಹುಳು ತುಂಬಿ ಸತ್ತುವು. ಹಕ್ಕಿ ತಿನ್ನುವ ಮೀನು ಸುತ್ತಣ ಕೆರೆಗಳದು. ಆ ಕೆರೆಗಳಿಗೆ ಕೊಳಚೆ ಬಿಡುವವರೂ ಸುತ್ತಣ ಊರಿನವರೇ. ಮಿತ್ರರೆ, ಪದವಿ ಪಡೆದು ಊರಿಗೆ ಮರಳುವ ನಾವು ಪಂಚಾಯಿತಿಗೆ ಅರ್ಜಿ ಬರೆದುಕೊಡಬಲ್ಲೆವು. ಮೊದಲ ಅರ್ಜಿ ಕೆರೆಗೆ ಬೀಳುವ ಚರಂಡಿಯನ್ನು ಕುರಿತದ್ದಾಗಿರಲಿ.