ಬಾಡಿಗೆ ಮನೆಯ ವಿಷಾನಿಲ: ಹೊಣೆ ಯಾರದು?

ಚಳಿಗಾಲ ಕಾಲಿಟ್ಟೊಡನೆ ಪತ್ರಿಕೆಗಳ ಒಳಪುಟಗಳಲ್ಲಿ ಒಂದು ಬಗೆಯ ಸುದ್ದಿ ಕಾಣಿಸಿಕೊಳ್ಳತೊಡಗುತ್ತದೆ. ಸ್ನಾನಕ್ಕೆ ಹೋದವರು ಬಹಳ ಹೊತ್ತಾದರೂ ಹೊರಬರಲಿಲ್ಲ. ಬಾಗಿಲು ಮುರಿದು ನೋಡಿದಾಗ ಗ್ಯಾಸ್ ಗೀಸರ್ ಉರಿಯುತ್ತಲೇ ಇತ್ತು. ಬೆಂಗಳೂರು ಸೇರಿದಂತೆ ನಮ್ಮ ನಗರಗಳಿಂದ ಮತ್ತೆ ಮತ್ತೆ ಬರುವ ಈ ವರದಿಗಳನ್ನು ನಾವು ಓದುತ್ತೇವೆ, ಮರುಗುತ್ತೇವೆ, ಪುಟ ತಿರುವುತ್ತೇವೆ. ಪೊಲೀಸರು ಅಸಹಜ ಸಾವೆಂದು ದಾಖಲಿಸಿಕೊಳ್ಳುತ್ತಾರೆ. ಆ ಮನೆಯಲ್ಲಿ ಗಾಳಿಗೆ ದಾರಿ ಇರಲಿಲ್ಲವೇಕೆ, ಅದನ್ನು ನೋಡಿಕೊಳ್ಳಬೇಕಾದವರು ಯಾರು ಎಂಬ ಪ್ರಶ್ನೆಯನ್ನು ಮಾತ್ರ ಯಾರೂ ಕೇಳುವುದಿಲ್ಲ.

ಸಾವಿಗೆ ಕಾರಣವಾಗುವುದು ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ. ಕಿಟಕಿಯಿಲ್ಲದ ಇಕ್ಕಟ್ಟಾದ ಬಚ್ಚಲುಮನೆಯಲ್ಲಿ ಗೀಸರ್ ಉರಿದಂತೆಲ್ಲ ಅಲ್ಲಿನ ಆಮ್ಲಜನಕ ಕಡಿಮೆಯಾಗುತ್ತದೆ. ಇಂಧನ ಪೂರ್ತಿಯಾಗಿ ಉರಿಯದೆ ಈ ವಿಷಾನಿಲ ಹುಟ್ಟುತ್ತದೆ. ಮುಚ್ಚಿದ ಕೋಣೆಯಲ್ಲಿ ಚಳಿ ಕಾಯಿಸಲು ಇಡುವ ಇದ್ದಿಲ ಅಗ್ಗಿಷ್ಟಿಕೆಯೂ ಇದೇ ಅಪಾಯವನ್ನು ತರುತ್ತದೆ. ಅಡುಗೆ ಅನಿಲಕ್ಕೆ ಬೇಕೆಂದೇ ವಾಸನೆ ಬೆರೆಸಿರುತ್ತಾರೆ, ಸೋರಿದರೆ ತಿಳಿಯುತ್ತದೆ. ಈ ಅನಿಲಕ್ಕಾದರೋ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ 200ಕ್ಕೂ ಹೆಚ್ಚು ಪಟ್ಟು ಬಲವಾಗಿ ಅಂಟಿಕೊಳ್ಳುತ್ತದೆ. ತಲೆನೋವು, ತಲೆಸುತ್ತು, ವಾಕರಿಕೆ ಬಂದಾಗ ಪಿತ್ತವೆಂದೋ ನಿದ್ದೆಗೇಡೆಂದೋ ಜನರು ಸುಮ್ಮನಾಗುತ್ತಾರೆ. ಕೋವಿಡ್ ಕಾಲದಲ್ಲಿ ಕೊಂಡಿಟ್ಟ ಬೆರಳಿನ ಆಕ್ಸಿಮೀಟರ್ ಕೂಡ ಇಲ್ಲಿ ಮೋಸ ಮಾಡುತ್ತದೆ; ವಿಷವೇರಿದ ರಕ್ತವನ್ನೂ ಅದು ಸರಿಯಿದೆಯೆಂದೇ ತೋರಿಸಬಲ್ಲದು. ಆದ್ದರಿಂದ ಈ ಅನಿಲವನ್ನು ಪತ್ತೆಹಚ್ಚಲು ಪ್ರತ್ಯೇಕ ಎಚ್ಚರಿಕೆ ಗಂಟೆಯೊಂದು ಬೇಕೇ ಬೇಕು.

ಆ ಗಂಟೆಯನ್ನು ಅಳವಡಿಸಬೇಕಾದವರು ಯಾರು? ಇಂಗ್ಲೆಂಡ್ ಈ ಪ್ರಶ್ನೆಗೆ ಕಾನೂನಿನಲ್ಲೇ ಉತ್ತರ ಬರೆದಿದೆ. 2015ರ ಅಕ್ಟೋಬರ್ 1ರಂದು ಜಾರಿಗೆ ಬಂದ ಅಲ್ಲಿನ ನಿಯಮ ಆರಂಭದಲ್ಲಿ ಸೌದೆ, ಕಲ್ಲಿದ್ದಲು ಉರಿಸುವ ಕೋಣೆಗಳಿಗೆ ಸೀಮಿತವಾಗಿತ್ತು. 2022ರ ಅಕ್ಟೋಬರ್ 1ರಿಂದ ಅದನ್ನು ವಿಸ್ತರಿಸಲಾಯಿತು. ಅಡುಗೆ ಒಲೆಯನ್ನು ಬಿಟ್ಟು, ಇಂಧನದಿಂದ ಉರಿಯುವ ಬೇರಾವುದೇ ಸ್ಥಿರ ಸಾಧನವಿರುವ ವಾಸದ ಕೋಣೆಯಲ್ಲಿ ಮಾಲೀಕನೇ ಗಂಟೆಯನ್ನು ಅಳವಡಿಸಬೇಕು. ಬಾಡಿಗೆ ಆರಂಭವಾಗುವ ದಿನ ಅದು ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ಪರೀಕ್ಷಿಸಬೇಕು. ಆಮೇಲೆ ಆಗಾಗ ಗುಂಡಿ ಒತ್ತಿ ನೋಡುವುದು, ಬ್ಯಾಟರಿ ಬದಲಿಸುವುದು, ಕೆಟ್ಟರೆ ತಿಳಿಸುವುದು ಬಾಡಿಗೆದಾರನ ಪಾಲಿನ ಕೆಲಸ. ದೂರು ಬಂದ ಮೇಲೆ ದುರಸ್ತಿ ಮಾಡಿಸುವುದು ಮತ್ತೆ ಮಾಲೀಕನ ಹೊಣೆ. ಸ್ಥಳೀಯ ಆಡಳಿತದ ನೋಟಿಸನ್ನೂ ಕಡೆಗಣಿಸಿದವರಿಗೆ 5,000 ಪೌಂಡ್‌ವರೆಗೆ ದಂಡವಿದೆ. ಇದಲ್ಲದೆ, ಬಾಡಿಗೆಗೆ ಕೊಟ್ಟ ಮನೆಯಲ್ಲಿ ಮಾಲೀಕನು ಒದಗಿಸಿದ ಅನಿಲ ಸಾಧನಗಳನ್ನು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಬೇಕೆಂಬ ನಿಯಮ 1998ರಿಂದಲೇ ಅಲ್ಲಿದೆ.

ನಮ್ಮಲ್ಲಿನ ಸ್ಥಿತಿ ಏನು? ಕೇಂದ್ರ ಸಚಿವ ಸಂಪುಟವು 2021ರ ಜೂನ್ 2ರಂದು ಮಾದರಿ ಬಾಡಿಗೆ ಕಾಯ್ದೆಗೆ ಒಪ್ಪಿಗೆ ನೀಡಿತು. ಅದನ್ನು ಅಳವಡಿಸಿಕೊಳ್ಳುವುದು ರಾಜ್ಯಗಳಿಗೆ ಬಿಟ್ಟದ್ದು. ಅದರ ಅನುಸೂಚಿಯಲ್ಲಿ ಯಾರು ಏನನ್ನು ದುರಸ್ತಿ ಮಾಡಿಸಬೇಕೆಂಬ ಪಟ್ಟಿಯಿದೆ. ಸುಣ್ಣಬಣ್ಣ, ಕೊಳವೆ, ವಿದ್ಯುತ್ ತಂತಿ ಮಾಲೀಕನಿಗೆ. ನಲ್ಲಿಯ ವಾಷರ್, ಬೀಗ, ಕಿಟಕಿ ಗಾಜು ಮತ್ತು ಗೀಸರ್ ದುರಸ್ತಿ ಬಾಡಿಗೆದಾರನಿಗೆ. ನಲ್ಲಿಯ ವಾಷರನ್ನೂ ನೆನಪಿಟ್ಟುಕೊಂಡ ಕಾನೂನು ಗೀಸರಿನ ವಿಷಾನಿಲ ಹೊರಹೋಗಬೇಕಾದ ಕಿಂಡಿಯನ್ನು ಮರೆತಿದೆ. ಎಚ್ಚರಿಕೆ ಗಂಟೆಯ ಪ್ರಸ್ತಾಪವಂತೂ ಅದರಲ್ಲಿಲ್ಲ.

ಇನ್ನು ನಮ್ಮ ಹನ್ನೊಂದು ತಿಂಗಳ ಕರಾರು ಪತ್ರಗಳನ್ನು ನೋಡೋಣ. ಮುಂಗಡ ಎಷ್ಟು, ಮನೆ ಬಿಡುವಾಗ ಸುಣ್ಣಬಣ್ಣಕ್ಕೆಂದು ಎಷ್ಟು ಮುರಿದುಕೊಳ್ಳಬೇಕು, ಗೋಡೆಗೆ ಮೊಳೆ ಹೊಡೆಯಬಹುದೇ ಎಂಬುದೆಲ್ಲ ಅವುಗಳಲ್ಲಿ ಬರೆದಿರುತ್ತದೆ. ಗೋಡೆಯ ಬಗ್ಗೆ ಇರುವ ಕಾಳಜಿ ಗೋಡೆಯೊಳಗೆ ಬಾಳುವ ಜೀವಗಳ ಬಗ್ಗೆ ಇರುವುದಿಲ್ಲ. ಕಿಂಡಿ ತೆರೆಯಲು ಗೋಡೆ ಒಡೆಯುವ ಅಧಿಕಾರ ಬಾಡಿಗೆದಾರನಿಗಿಲ್ಲ. ಬಾಡಿಗೆದಾರ ತಂದು ಹಾಕಿದ ಗೀಸರ್ ತನಗೆ ಸಂಬಂಧಿಸಿದ್ದಲ್ಲ ಎನ್ನುತ್ತಾನೆ ಮಾಲೀಕ. ಇಬ್ಬರ ನಡುವೆ ಯಾರಿಗೂ ಸೇರದೆ ಉಳಿದ ಹೊಣೆಯೇ ಅಮಾಯಕರ ಪ್ರಾಣಕ್ಕೆ ಎರವಾಗುತ್ತಿದೆ.

ಕಾನೂನು ಬರುವ ತನಕ ಕೈಕಟ್ಟಿ ಕೂರಬೇಕಾಗಿಲ್ಲ. ಕರಾರಿಗೆ ನಾಲ್ಕು ಸಾಲು ಸೇರಿಸಲು ಯಾರ ಅಪ್ಪಣೆಯೂ ಬೇಡ. ಗೀಸರನ್ನು ಬಚ್ಚಲುಮನೆಯ ಹೊರಗೆ, ಗಾಳಿಯಾಡುವ ಕಡೆ ಅಳವಡಿಸಲು ಮಾಲೀಕನು ಸ್ಥಳ ಒದಗಿಸಲಿ. ಮುಚ್ಚಲಾಗದಂಥ ಗಾಳಿಕಿಂಡಿಯನ್ನು ಇರಿಸಲಿ. ಎಚ್ಚರಿಕೆ ಗಂಟೆಯನ್ನು ತನ್ನ ಖರ್ಚಿನಲ್ಲಿ ಹಾಕಿಸಲಿ. ಬಾಡಿಗೆದಾರನು ತಿಂಗಳಿಗೊಮ್ಮೆ ಅದನ್ನು ಪರೀಕ್ಷಿಸಲಿ, ಕಿಂಡಿಗೆ ಬಟ್ಟೆ ತುರುಕದಿರಲಿ, ಹೇಳದೆ ಕೇಳದೆ ಗೀಸರ್ ಕೂರಿಸದಿರಲಿ. ಕೊಳ್ಳುವಾಗ ಒಂದು ಎಚ್ಚರ ಅಗತ್ಯ. ಅಂಗಡಿಯಲ್ಲಿ ಸಿಗುವ ಅಡುಗೆ ಅನಿಲ ಸೋರಿಕೆಯ ಗಂಟೆ ಬೇರೆ, ಇದು ಬೇರೆ. ಒಂದು ಇನ್ನೊಂದರ ಕೆಲಸ ಮಾಡದು. ಈ ಗಂಟೆಗೂ ಆಯುಷ್ಯವಿದೆ, ಅದರ ಮೇಲೆ ನಮೂದಿಸಿದ ದಿನಾಂಕ ಮೀರಿದರೆ ಬದಲಿಸಲೇಬೇಕು. ಗಂಟೆ ಮೊಳಗಿದರೆ ಎಲ್ಲರೂ ಕೂಡಲೇ ಹೊರಗಾಳಿಗೆ ಬರಬೇಕು. ಯಾರಾದರೂ ಅಸ್ವಸ್ಥರಾಗಿದ್ದರೆ 108ಕ್ಕೆ ಕರೆ ಮಾಡಬೇಕು.

ನಮ್ಮ ಓದುಗರಲ್ಲಿ ಬಾಡಿಗೆ ಕೊಡುವವರೂ ಇದ್ದಾರೆ, ಪಡೆಯುವವರೂ ಇದ್ದಾರೆ. ಮಸೀದಿ ಸಮಿತಿಗಳ ಹಾಗೂ ವಕ್ಫ್ ಸಂಸ್ಥೆಗಳ ಅಧೀನದಲ್ಲೂ ಬಾಡಿಗೆ ಮನೆಗಳಿವೆ. ಬಾಡಿಗೆ ವಸೂಲಿಯಲ್ಲಿ ತೋರುವ ಶಿಸ್ತನ್ನು ಬಚ್ಚಲುಮನೆಯ ಗಾಳಿಕಿಂಡಿಯ ವಿಷಯದಲ್ಲೂ ತೋರಿ ಅವು ಇತರರಿಗೆ ಮೇಲ್ಪಂಕ್ತಿಯಾಗಲಿ. ರಾಜ್ಯ ಸರಕಾರವು 1999ರ ಕರ್ನಾಟಕ ಬಾಡಿಗೆ ಕಾಯ್ದೆಗೆ ತಿದ್ದುಪಡಿ ತಂದು ಈ ಹೊಣೆಯನ್ನು ಸ್ಪಷ್ಟವಾಗಿ ಹಂಚಲಿ. ಬಾಡಿಗೆ ಪಡೆಯುವವನು ಕೊಡುವುದು ಬರೀ ಗೋಡೆ, ಚಾವಣಿಗಳನ್ನಲ್ಲ; ಆ ಚಾವಣಿಯ ಕೆಳಗೆ ಒಂದು ಕುಟುಂಬ ನಿಶ್ಚಿಂತೆಯಿಂದ ಉಸಿರಾಡಬಹುದೆಂಬ ಭರವಸೆಯನ್ನೂ ಆತ ಕೊಟ್ಟಿರುತ್ತಾನೆ. ಆ ಭರವಸೆಯನ್ನು ಉಳಿಸಿಕೊಳ್ಳಲು ಇನ್ನೊಂದು ಸಾವಿನ ಸುದ್ದಿಗಾಗಿ ಕಾಯಬೇಕೇ?