ನೆಲವೂ ಡೊಂಕಿರಬಹುದು

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಈ ಗಾದೆಯನ್ನು ಕಟ್ಟಿದ ಪುಣ್ಯಾತ್ಮರು ಆ ನೆಲದ ಮೇಲೆ ಒಮ್ಮೆಯಾದರೂ ರಸಮಟ್ಟವಿಟ್ಟು ನೋಡಿದ್ದರೇ ಎಂಬ ಸಂಶಯ ನನಗೆ ಬಹುಕಾಲದಿಂದ ಉಂಟು. ಗಾದೆ ವೇದಕ್ಕೆ ಸಮಾನವೆಂದು ಹಿರಿಯರು ಹೇಳುತ್ತಾರೆ. ವೇದದ ಮಾತು ಹೇಗೋ ನಾನರಿಯೆ. ಗಾದೆಯ ಬಲದಿಂದ ನಿರಪರಾಧಿಗಳಿಗೆ ಶಿಕ್ಷೆಯಾಗುವುದನ್ನು ಮಾತ್ರ ಕಣ್ಣಾರೆ ಕಂಡಿದ್ದೇನೆ. ನಾನು ಈ ಲೇಖನದಲ್ಲಿ ಹೇಳಹೊರಟಿರುವ ನೆಲ ಬಹಳ ಕಿರಿದು. ಉದ್ದದಲ್ಲಿ ಎರಡು ಅಂಗುಲ, ದಪ್ಪದಲ್ಲಿ ಕಾಲು ಅಂಗುಲ ಮೀರದ ಒಂದು ಮೂಳೆಯ ಅಥವಾ ಪ್ಲಾಸ್ಟಿಕ್ಕಿನ ತುಂಡು. ಗಿಟಾರಿನ ತಂತಿಗಳು ಬಿರಡೆಗಳನ್ನು ಬಿಟ್ಟು ಮೆಟ್ಟಿಲುಗಳ ಕಡೆಗೆ ಹೊರಡುವಾಗ ಅದರ ಮೇಲಿನ ಕಚ್ಚುಗಳಲ್ಲಿ ಕುಳಿತು ಹೋಗುತ್ತವೆ. ಇಂಗ್ಲಿಷಿನವರು ಇದನ್ನು ನಟ್ ಎನ್ನುತ್ತಾರೆ. ಬೋಲ್ಟಿನ ಜೊತೆಗಾರನಾದ ನಟ್ಟಿಗೂ ಇದಕ್ಕೂ ಸಂಬಂಧವಿಲ್ಲ. ನಮ್ಮ ವೀಣೆಯವರು ಮೇರು ಎನ್ನುತ್ತಾರೆ. ನಾನೂ ಹಾಗೆಯೇ ಕರೆಯುತ್ತೇನೆ.

ನಮ್ಮ ವಿದ್ಯಾರ್ಥಿನಿಲಯದಲ್ಲಿ ಗೋಡೆಯ ಮೊಳೆಗೆ ನೇತುಬಿದ್ದಿರುವ ಗಿಟಾರುಗಳನ್ನು ಎಣಿಸಿದ್ದೇನೆ. ಏಳು. ಅವುಗಳಲ್ಲಿ ನುಡಿಯುವುದು ಎರಡು. ಉಳಿದ ಐದರ ಒಡೆಯರನ್ನು ವಿಚಾರಿಸಿದರೆ ಬರುವ ಉತ್ತರ ಒಂದೇ: ‘ನನಗೆ ಕೈಗೂಡಲಿಲ್ಲ ಮಾರಾಯ.’ ಬೆರಳ ತುದಿ ಉರಿಯಿತು, ಒಂದು ತಿಂಗಳು ಸಹಿಸಿದೆ, ಆದರೂ ಸ್ವರ ಹುಳಿಹುಳಿಯಾಗಿಯೇ ಬಂತು, ಬಿಟ್ಟೆ—ಇಷ್ಟೇ ಕಥೆ. ಇವರಿಗೆಲ್ಲ ಬಲ್ಲವರು ಕೊಟ್ಟ ಉಪದೇಶವೂ ಒಂದೇ: ಬೆರಳು ಜಡ್ಡುಗಟ್ಟಬೇಕು, ವಿದ್ಯೆ ಸುಮ್ಮನೆ ಬರುವುದಿಲ್ಲ, ಸಾಧನೆಯೆಂದರೆ ತಪಸ್ಸು. ಈ ಮಾತಿನಲ್ಲಿ ಅರ್ಧ ನಿಜವಿದೆ. ಆ ಅರ್ಧ ನಿಜವೇ ಇಲ್ಲಿ ಕೇಡು ಮಾಡಿರುವುದು. ಕಲಿಯುವವನ ಬೆರಳು ನೋಯುವುದು ಸಹಜ. ಆದರೆ ಎಲ್ಲ ನೋವೂ ಕಲಿಕೆಯ ನೋವಲ್ಲ. ಕಾಲಿಗೆ ಸಣ್ಣದಾದ ಚಪ್ಪಲಿ ಹಾಕಿಕೊಂಡು ನಡೆದು ಬಂದ ಬೊಬ್ಬೆಯನ್ನು ಯಾರೂ ತಪಸ್ಸು ಎನ್ನುವುದಿಲ್ಲ.

ಕಲಾವಿಭಾಗದವನಾದ ನಾನು ಲೆಕ್ಕ ಹೇಳತೊಡಗಿದರೆ ನಗುವವರು ನಗಲಿ. ತಂತಿವಾದ್ಯದ ಮೆಟ್ಟಿಲುಗಳನ್ನು ಕೂರಿಸಲು ಒಂದು ಹಳೆಯ ಸೂತ್ರವಿದೆ. ತಂತಿಯ ಉದ್ದವನ್ನು ಹದಿನೆಂಟು ಪಾಲು ಮಾಡಿ, ಒಂದು ಪಾಲಿನ ದೂರದಲ್ಲಿ ಮೊದಲ ಮೆಟ್ಟಿಲು, ಉಳಿದ ಉದ್ದವನ್ನು ಮತ್ತೆ ಹದಿನೆಂಟು ಪಾಲು ಮಾಡಿ ಎರಡನೆಯದು, ಹೀಗೆ. ವಿಜ್ಞಾನಿ ಗೆಲಿಲಿಯೋನ ತಂದೆ ವಿಂಚೆಂಝೋ ಗೆಲಿಲಿ 1581ರಲ್ಲಿ ಪ್ರಕಟಿಸಿದ ಸಂಗೀತ ಗ್ರಂಥದಲ್ಲಿ ಲ್ಯೂಟ್ ವಾದ್ಯಕ್ಕೆ ಈ ಕ್ರಮವನ್ನು ಹೇಳಿದ್ದಾನೆ. ಈಗಿನವರು ಹದಿನೆಂಟರ ಬದಲು 17.817 ಎಂಬ ಸಂಖ್ಯೆಯನ್ನು ಹಿಡಿಯುತ್ತಾರೆ. ಹನ್ನೆರಡು ಸ್ವರಸ್ಥಾನ ದಾಟಿದಾಗ ತಂತಿ ಸರಿಯಾಗಿ ಅರ್ಧಕ್ಕೆ ಬರಬೇಕೆಂಬುದು ಇದರ ಉದ್ದೇಶ. ಅರುವತ್ತು ಸೆಂಟಿಮೀಟರ್ ಉದ್ದದ ತಂತಿಗೆ ಮೊದಲ ಮೆಟ್ಟಿಲು ಮೇರುವಿನಿಂದ 33.7 ಮಿಲಿಮೀಟರ್ ದೂರದಲ್ಲಿ ಬರುತ್ತದೆ.

ಈ ಸೂತ್ರದೊಳಗೆ ಒಂದು ಮೌನವಾದ ನಂಬಿಕೆ ಅಡಗಿದೆ. ಒತ್ತಿದಾಗ ತಂತಿ ಗಿಡ್ಡವಾಗುತ್ತದೆಯೇ ಹೊರತು ಬಿಗಿಯಾಗುವುದಿಲ್ಲ ಎಂಬುದೇ ಆ ನಂಬಿಕೆ. ವಾಸ್ತವದಲ್ಲಿ ಅದು ಬಿಗಿಯಾಗುತ್ತದೆ. ಮೇಲಿರುವ ತಂತಿಯನ್ನು ಕೆಳಕ್ಕೆ ಒತ್ತಿದರೆ ಅದು ಕೊಂಚ ಹಿಗ್ಗಲೇಬೇಕು. ಹಿಗ್ಗಿದ ತಂತಿಯ ಸ್ವರ ಏರಲೇಬೇಕು. ಮೇರುವಿನ ಕಚ್ಚು ಎತ್ತರವಾಗಿದ್ದಷ್ಟೂ ಈ ಏರು ಹೆಚ್ಚು. ಅದೂ ನೇರ ಲೆಕ್ಕದಲ್ಲಿ ಹೆಚ್ಚುವುದಿಲ್ಲ: ಎತ್ತರ ಎರಡು ಪಟ್ಟಾದರೆ ಹಿಗ್ಗು ನಾಲ್ಕು ಪಟ್ಟಾಗುತ್ತದೆ. 0.43 ಮಿಲಿಮೀಟರ್ ದಪ್ಪದ ಉಕ್ಕಿನ ತಂತಿಯನ್ನು ಗಿಟಾರಿನ ಮೂರನೆಯ ತಂತಿಯ ಶ್ರುತಿಗೆ, ಎಂದರೆ ಸೆಕೆಂಡಿಗೆ 196 ಕಂಪನಗಳಿಗೆ, ಬಿಗಿದಿದ್ದೇವೆ ಎನ್ನೋಣ. ಅದು ಸುಮಾರು ಆರೂವರೆ ಕಿಲೋ ತೂಕವನ್ನು ತೂಗುಹಾಕಿದಷ್ಟು ಬಿಗಿ. ಮೊದಲ ಮೆಟ್ಟಿಲಿಗೆ ಅದನ್ನು ಒಂದು ಮಿಲಿಮೀಟರ್ ಕೆಳಗೆ ಒತ್ತಿದರೆ ಸ್ವರವು ಒಂದು ಸ್ವರಸ್ಥಾನದ ಹತ್ತನೆಯ ಒಂದು ಪಾಲು ಏರುತ್ತದೆ. ಅರ್ಧ ಮಿಲಿಮೀಟರ್ ಒತ್ತಿದರೆ ಏರು ಅದರ ಕಾಲುಭಾಗ ಮಾತ್ರ. ಕಿವಿಗೆ ಅದು ತಿಳಿಯುವುದು ಕಷ್ಟ. ಒಂದು ಮಿಲಿಮೀಟರಿಗೂ ಅರ್ಧಕ್ಕೂ ಇರುವ ಅಂತರ ಹಾಡಿಗೂ ಹುಳಿಗೂ ಇರುವ ಅಂತರ.

ಈ ಉಪದ್ರವ ಮೊದಲ ಮೆಟ್ಟಿಲಿನಲ್ಲೇ ಅತಿ ಹೆಚ್ಚು. ಅಲ್ಲಿ ತಂತಿ ಒಂದೂವರೆ ಅಂಗುಲದ ಒಳಗೇ ಇಳಿಯಬೇಕು. ಹನ್ನೆರಡನೆಯ ಮೆಟ್ಟಿಲಿನಲ್ಲಿ ಮೇರುವಿನ ಹೆಚ್ಚಳ ಹೆಚ್ಚಾಗಿ ಗೊತ್ತೇ ಆಗುವುದಿಲ್ಲ. ದೈವದ ವಿನೋದವೆಂದರೆ, ಹೊಸ ವಿದ್ಯಾರ್ಥಿ ಮೊದಲು ಕಲಿಯುವುದೆಲ್ಲ ಆ ಮೊದಲ ಮೂರು ಮೆಟ್ಟಿಲುಗಳ ನಡುವೆಯೇ. ಪರಿಣತನು ಮೇಲಕ್ಕೆ ಹೋಗಿ ತಪ್ಪಿಸಿಕೊಳ್ಳುತ್ತಾನೆ. ಎಳೆಯನು ಅಲ್ಲೇ ಸಿಕ್ಕಿಬೀಳುತ್ತಾನೆ. ವಾದ್ಯದ ಅತ್ಯಂತ ಕೆಟ್ಟ ಜಾಗವನ್ನೇ ನಾವು ಮಕ್ಕಳ ತರಗತಿಯನ್ನಾಗಿ ಮಾಡಿದ್ದೇವೆ.

ಕಳೆದ ವರ್ಷ ಯುವಜನೋತ್ಸವದ ತಂಡಕ್ಕೆ ಆಯ್ಕೆ ನಡೆಯಿತು. ಹಳ್ಳಿಯಿಂದ ಬಂದ ಪ್ರಥಮ ವರ್ಷದ ಒಬ್ಬ ವಿದ್ಯಾರ್ಥಿನಿ, ಸ್ವಂತ ವಾದ್ಯವಿಲ್ಲದ್ದರಿಂದ, ಸಂಗೀತ ಕೊಠಡಿಯ ಗಿಟಾರಿನಲ್ಲೇ ನುಡಿಸಿದರು. ಸಿ ಮೇಜರ್ ಎಂಬ ಸ್ವರಮೇಳ ಹಿಡಿದರು. ಅದರಲ್ಲಿ ಎರಡನೆಯ ತಂತಿಯನ್ನು ಮೊದಲ ಮೆಟ್ಟಿಲಿನಲ್ಲಿ ಒತ್ತಬೇಕು. ಅದರ ಎಡಬಲಕ್ಕಿರುವ ತಂತಿಗಳನ್ನು ಒತ್ತದೆ ಖಾಲಿ ಬಿಡಬೇಕು. ಒತ್ತಿದ್ದು ಏರಿತು, ಖಾಲಿ ಬಿಟ್ಟದ್ದು ಏರಲಿಲ್ಲ. ಮೂರೂ ಒಂದಕ್ಕೊಂದು ಮುಖ ತಿರುಗಿಸಿಕೊಂಡು ನಿಂತವು. ‘ಶ್ರುತಿಜ್ಞಾನ ಸಾಲದಮ್ಮ’ ಎಂಬ ತೀರ್ಪಾಯಿತು. ತೀರ್ಪು ಕೊಟ್ಟವರು ಒಳ್ಳೆಯವರೇ, ಸಂಗೀತ ಬಲ್ಲವರೇ. ಆದರೆ ಅವರು ಬೆರಳನ್ನು ನೋಡಿದರು, ಮೇರುವನ್ನು ನೋಡಲಿಲ್ಲ. ಮರುವಾರ ಆ ಗಿಟಾರನ್ನು ನಾವು ಕೆಲವರು ಅನುಮತಿ ಪಡೆದು ಪರೀಕ್ಷಿಸಿದೆವು. ಮೊದಲ ಮೆಟ್ಟಿಲಿನ ಮೇಲೆ ಒಂದು ಅಂಚೆ ಕಾರ್ಡನ್ನು ನಾಲ್ಕು ಮಡಿಕೆ ಮಾಡಿ ತೂರಿಸಬಹುದಾಗಿತ್ತು. ಕಚ್ಚುಗಳನ್ನು ಇಳಿಸಿದ ಮೇಲೆ ಅದೇ ವಿದ್ಯಾರ್ಥಿನಿ, ಅದೇ ಬೆರಳಿನಿಂದ, ಅದೇ ಸಿ ಮೇಜರನ್ನು ನುಡಿಸಿದರು, ತಕರಾರಿಗೆ ಎಡೆಯಿರಲಿಲ್ಲ. ಅಷ್ಟು ಹೊತ್ತಿಗೆ ಆಯ್ಕೆಯ ಪಟ್ಟಿ ಸೂಚನಾಫಲಕವೇರಿ ಆಗಿತ್ತು.

ಕಾರ್ಖಾನೆಯವರು ಕಚ್ಚನ್ನು ಎತ್ತರವಾಗಿ ಬಿಡುವುದು ಅಜ್ಞಾನದಿಂದಲ್ಲ. ತೆಗೆದದ್ದನ್ನು ಮತ್ತೆ ಕೂಡಿಸುವುದು ಕಷ್ಟವೆಂಬುದು ಬಡಗಿಯ ಮೊದಲ ಪಾಠ. ಎತ್ತರವಿದ್ದರೆ ತಂತಿ ಝರ್ ಎನ್ನುವುದಿಲ್ಲ, ಝರ್ ಎನ್ನದಿದ್ದರೆ ಗಿರಾಕಿ ಹಿಂದಿರುಗಿಸುವುದಿಲ್ಲ. ಹುಳಿಸ್ವರಕ್ಕೆ ಗಿರಾಕಿ ತನ್ನನ್ನೇ ಹಳಿದುಕೊಳ್ಳುತ್ತಾನೆ. ಹಾಗೆ ಹಳಿದುಕೊಳ್ಳಲು ಗಾದೆ ಸಿದ್ಧವಾಗಿಯೇ ಇದೆ. ಅಗ್ಗದ ವಾದ್ಯದ ಕಚ್ಚುಗಳನ್ನು ಒಬ್ಬ ಕುಶಲನು ಕುಳಿತು ಒಂದೊಂದಾಗಿ ಅರದಿಂದ ಉಜ್ಜಿ ಹದಕ್ಕೆ ತರುವ ಕೂಲಿ ಅದರ ಬೆಲೆಯಲ್ಲಿ ಸೇರಿರುವುದಿಲ್ಲ.

ಆದುದರಿಂದಲೇ ಮನೆಯಲ್ಲಿ ಮಾಡಿದ ವಾದ್ಯದ ಪರವಾಗಿ ನಾನು ವಾದಿಸುವುದು. ಪ್ಲೈವುಡ್ಡಿನ ಹಳೆಯ ಚಹಾ ಪೆಟ್ಟಿಗೆಯಿಂದಲೂ ಒಂದು ಹಲಸಿನ ಪಟ್ಟಿಯಿಂದಲೂ ನಾನು ಮೂರು ತಂತಿಯ ಒಂದು ವಾದ್ಯವನ್ನು ಮಾಡಿಕೊಂಡಿದ್ದೇನೆ. ಅದರ ನಾದಕ್ಕೆ ಮೈಸೂರಿನ ಆಸ್ಥಾನದಲ್ಲಿ ಮನ್ನಣೆ ಸಿಗುತ್ತಿರಲಿಲ್ಲ, ಒಪ್ಪುತ್ತೇನೆ. ಆದರೆ ಅದರ ಮೇರು ಹಳೆಯ ಕೊಂಬಿನ ಬಾಚಣಿಗೆಯ ಬೆನ್ನು. ಅದನ್ನು ಉಜ್ಜಲು ನನಗೆ ಯಾರ ಅಪ್ಪಣೆಯೂ ಬೇಕಿಲ್ಲ. ಕೊಂಡುತಂದ ವಾದ್ಯಕ್ಕೆ ಅರ ಹಚ್ಚಲು ಎಂಥವನ ಕೈಯೂ ನಡುಗುತ್ತದೆ. ತಾನೇ ಮಾಡಿದ್ದಕ್ಕೆ ನಡುಗುವುದಿಲ್ಲ: ಕೆಟ್ಟರೆ ಇನ್ನೊಂದು ಬಾಚಣಿಗೆ.

ಕೆಲಸ ಹೀಗೆ. ತಂತಿಯನ್ನು ಎರಡನೆಯ ಮತ್ತು ಮೂರನೆಯ ಮೆಟ್ಟಿಲುಗಳ ನಡುವೆ ಒತ್ತಿ ಹಿಡಿದು, ಮೊದಲ ಮೆಟ್ಟಿಲಿನ ಮೇಲೆ ಎಷ್ಟು ಸಂದಿ ಉಳಿದಿದೆ ಎಂದು ನೋಡಬೇಕು. ಒಂದು ಹಾಳೆ ಕಾಗದದಷ್ಟು, ಎಂದರೆ ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟು, ಇದ್ದರೆ ಸಾಕು. ದಪ್ಪ ತಂತಿಗೆ ಕೊಂಚ ಹೆಚ್ಚು ಬೇಕು. ಉಗುರಿನಿಂದ ಅಲ್ಲಿ ತಟ್ಟಿದರೆ ಟಿಕ್ಕೆಂಬ ಸಣ್ಣ ಸದ್ದು ಬರಬೇಕು. ಸದ್ದೇ ಇಲ್ಲದಿದ್ದರೆ ಕಚ್ಚು ಆಗಲೇ ಆಳವಾಗಿ ಹೋಗಿದೆ. ಸಂದಿ ಹೆಚ್ಚಿದ್ದರೆ ತಂತಿಯನ್ನು ಸಡಿಲಿಸಿ ಪಕ್ಕಕ್ಕೆ ಸರಿಸಿ, ಅದರ ದಪ್ಪಕ್ಕೆ ಒಪ್ಪುವ ಸಣ್ಣ ಅರದಿಂದ ಎರಡೇ ಎರಡು ಸಲ ಉಜ್ಜಿ, ಮತ್ತೆ ಶ್ರುತಿಗೆ ತಂದು, ಮತ್ತೆ ನೋಡಬೇಕು. ಮೂರನೆಯ ಸಲ ಉಜ್ಜುವ ಆಸೆಯನ್ನು ತಡೆಯುವುದೇ ಇಲ್ಲಿನ ನಿಜವಾದ ತಪಸ್ಸು. ಅರವನ್ನು ಬಿರಡೆಗಳ ಕಡೆಗೆ ತುಸು ಇಳಿಜಾರಾಗಿ ಹಿಡಿಯಬೇಕು. ತಂತಿ ಮೇರುವನ್ನು ಬಿಡುವುದು ಮೆಟ್ಟಿಲಿನ ಕಡೆಯ ಅಂಚಿನಲ್ಲಾಗಬೇಕು. ಹಿಂದಿನ ಅಂಚು ಎತ್ತರವಾಗಿ ಉಳಿದರೆ ತಂತಿ ಕಚ್ಚಿನೊಳಗೇ ನಡುಗಿ ಜುಂಯ್‌ಗುಟ್ಟುತ್ತದೆ. ತಂಬೂರಿಯವರು ಜೀವಾಳದ ಎಳೆಯಿಟ್ಟು ಆ ಜುಂಕಾರವನ್ನೇ ಹುಡುಕುತ್ತಾರೆ. ಇಲ್ಲಿ ಅದು ಬೇಡದ ಅತಿಥಿ.

ಇದಕ್ಕೆಂದೇ ಮಾಡಿದ ಅರಗಳ ಬೆಲೆ ಕೇಳಿದರೆ ವಾದ್ಯವೇ ಅಗ್ಗವೆನಿಸುತ್ತದೆ. ಗ್ಯಾಸ್ ವೆಲ್ಡಿಂಗಿನವರು ಬರ್ನರಿನ ರಂಧ್ರ ಚೊಕ್ಕಮಾಡಲು ಇಟ್ಟುಕೊಳ್ಳುವ ತಂತಿಯರಗಳ ಕಟ್ಟು ಬಡವರಿಗೆ ಸಾಕು. ಅದರಲ್ಲಿ ಹತ್ತಾರು ದಪ್ಪದ ಅರಗಳಿರುತ್ತವೆ. ಅತಿಯಾಗಿ ಉಜ್ಜಿದವರಿಗೂ ಪ್ರಾಯಶ್ಚಿತ್ತ ಉಂಟು: ಕಚ್ಚಿಗೆ ಚಿಟಿಕೆ ಅಡುಗೆ ಸೋಡ ತುಂಬಿ ಒಂದು ಹನಿ ಸೂಪರ್ ಗ್ಲೂ ಬಿಟ್ಟರೆ ಕ್ಷಣದಲ್ಲಿ ಕಲ್ಲಾಗುತ್ತದೆ, ಅದನ್ನು ಮತ್ತೆ ಉಜ್ಜಬಹುದು. ಒಂದು ಎಚ್ಚರಿಕೆ. ಝರ್ ಎಂದದ್ದಕ್ಕೆಲ್ಲ ಮೇರುವನ್ನು ದೂರಬಾರದು. ಖಾಲಿ ತಂತಿ ಮಾತ್ರ ಝರ್ ಎಂದು, ಯಾವುದೇ ಮೆಟ್ಟಿಲಿನಲ್ಲಿ ಒತ್ತಿದೊಡನೆ ಸುಮ್ಮನಾದರೆ ದೋಷ ಸಾಮಾನ್ಯವಾಗಿ ಮೇರುವಿನದು. ಒತ್ತಿದಾಗಲೂ ಝರ್ ಎಂದರೆ ಮೆಟ್ಟಿಲನ್ನೋ ಕುದುರೆಯನ್ನೋ ವಿಚಾರಿಸಬೇಕು.

ವೀಣೆ ಕಲಿಯುವವರಿಗೇಕೆ ಈ ಗೋಳಿಲ್ಲ ಎಂದು ಕೇಳಬಹುದು. ವೀಣೆಯ ಮೆಟ್ಟಿಲುಗಳು ಮೇಣದಲ್ಲಿ ಕೂತಿರುತ್ತವೆ. ಮೇಳ ಕೆಟ್ಟರೆ ಬಲ್ಲವರ ಬಳಿ ಒಯ್ದು ಮತ್ತೆ ಕಟ್ಟಿಸುತ್ತಾರೆ. ಇದು ನಮ್ಮಲ್ಲಿ ನಾಚಿಕೆಯ ವಿಷಯವಲ್ಲ, ವಾಡಿಕೆ. ವಿಜಯನಗರದ ರಾಮಾಮಾತ್ಯನು 1550ರಲ್ಲಿ ಬರೆದ ‘ಸ್ವರಮೇಳಕಲಾನಿಧಿ’ಯಲ್ಲಿ ವೀಣೆಯ ಮೆಟ್ಟಿಲುಗಳನ್ನು ನಿಲ್ಲಿಸುವುದಕ್ಕೆಂದೇ ಒಂದು ಪ್ರಕರಣವಿದೆ. ವಾದ್ಯವನ್ನು ಸರಿಮಾಡುವುದು ಶಾಸ್ತ್ರದ ಭಾಗವೇ ಹೊರತು ಸೋಮಾರಿಯ ನೆಪವಲ್ಲ ಎಂದು ಆಗಲೇ ತಿಳಿದಿತ್ತು. ಜೊತೆಗೆ ವೀಣೆಯವರು ತಂತಿಯನ್ನು ಎಳೆದು ಗಮಕ ತೆಗೆಯುವುದರಿಂದ ಸ್ವರದ ಲಗಾಮು ಬಹುಮಟ್ಟಿಗೆ ಬೆರಳಿನಲ್ಲೇ ಇರುತ್ತದೆ. ಗಿಟಾರಿನಲ್ಲಿ ಆರು ತಂತಿಗಳು ಒಟ್ಟಿಗೆ ಸಾಕ್ಷಿ ನುಡಿಯುತ್ತವೆ. ಒಂದು ಸುಳ್ಳಾಡಿದರೆ ಐದು ಅದನ್ನು ಬಯಲಿಗೆಳೆಯುತ್ತವೆ. ದೊಡ್ಡಬಳ್ಳಾಪುರದ ಕಡೆಯ ಸಿಂಪಾಡಿಪುರದಲ್ಲಿ ಹಲಸಿನ ಮರದಿಂದ ವೀಣೆ ಮಾಡುವವರಿದ್ದಾರೆ. ಗಿಟಾರಿಗೆ ಅಂಥ ಕೈಗಳು ನಮ್ಮಂಥ ಊರುಗಳಲ್ಲಿ ಇಲ್ಲ. ವಾದ್ಯ ಪೆಟ್ಟಿಗೆಯಲ್ಲಿ ಬಂತು, ಅದನ್ನು ಹದಮಾಡುವ ವಿದ್ಯೆ ಜೊತೆಗೆ ಬರಲಿಲ್ಲ.

ದೊಡ್ಡ ವಾದಕರೆಲ್ಲ ಕೆಟ್ಟ ವಾದ್ಯದಲ್ಲೇ ಕಲಿತರು, ಅವರೇನು ಮೇರುವನ್ನು ದೂರಿದರೇ ಎಂದು ಒಬ್ಬ ಮಿತ್ರರು ಕೇಳಿದರು. ಕಲಿತವರು ಚರಿತ್ರೆ ಬರೆಸಿಕೊಂಡರು. ಬಿಟ್ಟುಹೋದವರ ಚರಿತ್ರೆಯನ್ನು ಯಾರೂ ಬರೆಯಲಿಲ್ಲ. ಅದಿರಲಿ, ದೂರದೆ ಸರಿಮಾಡಿಕೊಂಡವರ ಉದಾಹರಣೆ ಬೇಕಾದರೆ ಇಂಗ್ಲೆಂಡಿನ ಬ್ರಯಾನ್ ಮೇ ಇದ್ದಾರೆ. ಕೊಳ್ಳಲು ಹಣವಿಲ್ಲದ ಈ ಹುಡುಗ 1963ರಲ್ಲಿ ತಂದೆಯ ಜೊತೆ ಕೂತು ಮನೆಯಲ್ಲೇ ಗಿಟಾರು ಮಾಡತೊಡಗಿದರು. ಸುಮಾರು ಎರಡು ವರ್ಷ ಹಿಡಿಯಿತು. ಕತ್ತಿಗೆ ಹಳೆಯ ಅಗ್ಗಿಷ್ಟಿಕೆಯ ಚೌಕಟ್ಟಿನ ಮರ, ಸ್ಪ್ರಿಂಗಿಗೆ ಮೋಟಾರ್ ಸೈಕಲ್ಲಿನ ವಾಲ್ವಿನ ಸ್ಪ್ರಿಂಗು, ಹಿಡಿಯ ತುದಿಗೆ ಹೆಣಿಗೆಯ ಕಡ್ಡಿ, ಗುರುತಿನ ಚುಕ್ಕಿಗಳಿಗೆ ಮುತ್ತಿನ ಚಿಪ್ಪಿನ ಗುಂಡಿಗಳು. ಮುಂದೆ ಕ್ವೀನ್ ಎಂಬ ತಂಡದಲ್ಲಿ ಲೋಕವೆಲ್ಲ ಕೇಳಿದ್ದು ಆ ವಾದ್ಯವನ್ನೇ. (2007ರಲ್ಲಿ ಅವರು ಖಭೌತವಿಜ್ಞಾನದಲ್ಲಿ ಡಾಕ್ಟರೇಟನ್ನೂ ಪಡೆದರು, ಪರೀಕ್ಷೆಗೆ ಮುನ್ನ ಗಿಟಾರು ಮುಟ್ಟಬಾರದೆನ್ನುವ ತಾಯಿತಂದೆಗಳು ಗಮನಿಸಬೇಕು.) ಆ ಗಿಟಾರಿನಲ್ಲಿ ಮೇರುವಿನ ಮುಂದೆಯೇ ಒಂದು ಮೆಟ್ಟಿಲಿದೆ. ಅದನ್ನು ಸೊನ್ನೆಯ ಮೆಟ್ಟಿಲು ಎನ್ನುತ್ತಾರೆ. ತಂತಿಯ ಎತ್ತರವನ್ನು ಅದೇ ನಿರ್ಧರಿಸುತ್ತದೆ. ಮೇರುವಿಗೆ ತಂತಿಗಳನ್ನು ಸಾಲಾಗಿ ನಿಲ್ಲಿಸುವ ಕೆಲಸ ಮಾತ್ರ. ಹೊಸದಾಗಿ ವಾದ್ಯ ಕಟ್ಟುವ ಮಿತ್ರರಿಗೆ ಈ ಉಪಾಯವನ್ನು ಧಾರಾಳವಾಗಿ ಹೇಳುತ್ತೇನೆ. ಆಗಲೇ ಮೊಳೆಗೆ ನೇತುಬಿದ್ದ ಐದಕ್ಕೆ ಅದು ಒದಗುವುದಿಲ್ಲ. ಅವಕ್ಕೆ ಅರವೇ ಗತಿ.

ಈ ವರ್ಷದ ಆಯ್ಕೆಗೆ ಮೊದಲು ಸಂಗೀತ ಕೊಠಡಿಯ ವಾದ್ಯಗಳಿಗೇ ಒಂದು ಪರೀಕ್ಷೆ ನಡೆಯಲಿ ಎಂಬುದು ಮಾನ್ಯ ಪ್ರಿನ್ಸಿಪಾಲರಲ್ಲೂ ವಿದ್ಯಾರ್ಥಿ ಸಂಘದ ಪದಾಧಿಕಾರಿಗಳಲ್ಲೂ ನನ್ನ ಅರಿಕೆ. ಖರ್ಚು ಒಂದು ಕಟ್ಟು ತಂತಿಯರ, ನಾಲ್ಕು ಜೊತೆ ತಂತಿ; ವೇಳೆ ಎರಡು ಮಧ್ಯಾಹ್ನ. ತೀರ್ಪುಗಾರರು ಒಬ್ಬೊಬ್ಬ ಅಭ್ಯರ್ಥಿಯೂ ಕೂರುವ ಮುನ್ನ ಮೊದಲ ಮೆಟ್ಟಿಲಿನ ಸ್ವರವನ್ನು ಶ್ರುತಿಯಂತ್ರದಲ್ಲಿ, ಅಥವಾ ಕೈಯಲ್ಲಿರುವ ಮೊಬೈಲಿನಲ್ಲೇ, ಒಮ್ಮೆ ನೋಡಿಕೊಳ್ಳಲಿ. ಕಳೆದ ವರ್ಷ ಪಟ್ಟಿಯಿಂದ ಬಿಟ್ಟುಹೋದವರನ್ನು ಮತ್ತೊಮ್ಮೆ ಕರೆದು ಕೇಳುವ ಸೌಜನ್ಯವನ್ನೂ ತೋರಿದರೆ ಇನ್ನೂ ಸಂತೋಷ.

ವಿದ್ಯಾರ್ಥಿನಿಲಯದ ಐವರು ಮಿತ್ರರು ತಮ್ಮ ಗಿಟಾರುಗಳನ್ನು ಮೊಳೆಯಿಂದ ಇಳಿಸಿ ಭಾನುವಾರ ಬೆಳಿಗ್ಗೆ ತರಬಹುದು. ಅರಗಳು ನನ್ನ ಬಳಿ ಇವೆ. ಹೊಸ ತಂತಿಗಳನ್ನು ಅವರವರೇ ತರತಕ್ಕದ್ದು.