ಭಾನುವಾರದ ಅಡುಗೆಮನೆ, ವಾರದ ಆರೋಗ್ಯ

ಬೇಸಿಗೆಯ ರಜೆ ಮುಗಿಸಿ ಊರಿನಿಂದ ಮುಂಬಯಿಗೆ ಹಿಂತಿರುಗುವ ಕನ್ನಡ ಕುಟುಂಬಗಳ ಸಾಮಾನಿನಲ್ಲಿ ಬಟ್ಟೆಬರೆಗಿಂತ ಜೋಪಾನವಾಗಿ ಬರುವುವು ಡಬ್ಬಿಗಳು. ಹುಳಿಪುಡಿ, ಸಾರಿನಪುಡಿ, ಶೇಂಗಾ ಚಟ್ನಿಪುಡಿ, ಮೆಂತ್ಯದ ಹಿಟ್ಟು, ರಾಗಿಯ ಹುರಿಹಿಟ್ಟು, ಬಟ್ಟೆಯಲ್ಲಿ ಸುತ್ತಿದ ಖಡಕ್ ಜೋಳದ ರೊಟ್ಟಿ. ಮಳೆಗಾಲ ಹಿಡಿಯುವವರೆಗೆ, ಕೆಲವು ಮನೆಗಳಲ್ಲಿ ಗಣೇಶನ ಚೌತಿಯವರೆಗೆ, ಸಂಜೆಯ ಊಟದ ಚಿಂತೆಯಿರುವುದಿಲ್ಲ. ಡಬ್ಬಿಗಳು ಬರಿದಾದ ಮರುದಿನದಿಂದ ಮತ್ತೆ ವಡಾಪಾವ್, ಪಾವ್‌ಭಾಜಿ, ಮೊಬೈಲಿನಲ್ಲಿ ಹೇಳಿ ತರಿಸಿದ ಊಟ. ಊರಿನಿಂದ ಪುಡಿ ಬಂದಿತು, ಪುಡಿ ಮಾಡುವ ಕ್ರಮ ಬರಲಿಲ್ಲ. ಹೊರನಾಡ ಕನ್ನಡಿಗರ ಆರೋಗ್ಯದ ಪ್ರಶ್ನೆಯ ಬಹುಭಾಗ ಈ ಒಂದು ಕೊರತೆಯಲ್ಲಿ ಅಡಗಿದೆ.

ಇದು ಅಜ್ಞಾನದ ಫಲವೆನ್ನುವಂತಿಲ್ಲ. ಕರಿದದ್ದು, ಮೈದಾ, ಅತಿಯಾದ ಸಕ್ಕರೆ ಒಳ್ಳೆಯದಲ್ಲವೆಂಬುದು ಶಾಲೆಯ ಮಕ್ಕಳಿಗೂ ತಿಳಿದಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನ, 2023ರಲ್ಲಿ ಪ್ರಕಟವಾದ ಅಧ್ಯಯನವು ದೇಶದಲ್ಲಿ 10.1 ಕೋಟಿ ಮಧುಮೇಹಿಗಳಿದ್ದಾರೆಂದೂ, ಇನ್ನು 13.6 ಕೋಟಿ ಜನರು ಅದರ ಹೊಸ್ತಿಲಲ್ಲಿದ್ದಾರೆಂದೂ ಅಂದಾಜು ಮಾಡಿತು. 2024ರಲ್ಲಿ ಅದೇ ಮಂಡಳಿಯೂ ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯೂ ಹೊರತಂದ ಆಹಾರ ಮಾರ್ಗಸೂಚಿಯಂತೆ, ದೇಶದ ಒಟ್ಟು ರೋಗಭಾರದ ಶೇಕಡಾ 56.4 ಭಾಗಕ್ಕೆ ತಪ್ಪು ಆಹಾರವೇ ಕಾರಣ. ಪತ್ರಿಕೆ ಓದುವ ಯಾರಿಗೂ ಈ ಅಂಕಿಗಳು ಹೊಸತಲ್ಲ.

ಕೊರತೆ ಇರುವುದು ತಿಳಿವಳಿಕೆಯಲ್ಲಲ್ಲ, ಹೊತ್ತಿನಲ್ಲಿ. ಫೋರ್ಟಿನ ಕಚೇರಿಯಿಂದ ಹೊರಟು, ಲೋಕಲ್ ಗಾಡಿಯಲ್ಲಿ ಡೊಂಬಿವಲಿಯವರೆಗೆ ನಿಂತೇ ಬಂದು, ರಾತ್ರಿ ಎಂಟಕ್ಕೆ ಮನೆಯ ಬೀಗ ತೆರೆಯುವ ದಂಪತಿಗಳಿಗೆ ಆರೋಗ್ಯಶಾಸ್ತ್ರ ನೆನಪಾಗುವುದಿಲ್ಲ. ಹಸಿವು ಮಾತ್ರ ನೆನಪಾಗುತ್ತದೆ. ಸಂಬಳ ಬಂದ ದಿನವೇ ಉಳಿತಾಯದ ಹಣವನ್ನು ತೆಗೆದಿಡದವನು ತಿಂಗಳ ಕೊನೆಯಲ್ಲಿ ಉಳಿಸುತ್ತೇನೆಂದರೆ ಅದು ಆಗದ ಮಾತು. ಅಂತೆಯೇ ರಾತ್ರಿಯ ಊಟವನ್ನು ರಾತ್ರಿ ಎಂಟಕ್ಕೆ ನಿರ್ಧರಿಸುವ ಮನೆಯಲ್ಲಿ ಪಥ್ಯ ನಿಲ್ಲುವುದಿಲ್ಲ. ಆ ನಿರ್ಧಾರ ಭಾನುವಾರವೇ ಆಗಬೇಕು.

ಹೀಗೆಂದಾಗ ಅದೇನೋ ಹೊಸ ಪದ್ಧತಿಯೆಂದು ಭಾವಿಸಬೇಕಾಗಿಲ್ಲ. ಕನ್ನಡ ನಾಡಿನ ಅಡುಗೆಮನೆ ನಿಂತಿದ್ದುದೇ ಮುನ್ಸಿದ್ಧತೆಯ ಮೇಲೆ. ಹುರಿಯುವುದು, ಕುಟ್ಟುವುದು, ನೆನೆಸುವುದು, ಹುದುಗಿಸುವುದು, ಒಣಗಿಸುವುದು ಇವೆಲ್ಲ ಬಿಡುವಿನ ದಿನಗಳ ಕೆಲಸ. ಬೇಯಿಸುವುದು ಮತ್ತು ಒಗ್ಗರಣೆ ಹಾಕುವುದು ಮಾತ್ರ ಅಂದಂದಿನ ಕೆಲಸ. ಕ್ರಿ.ಶ. 1025ರ ಸುಮಾರಿನಲ್ಲಿ ಚಾವುಂಡರಾಯನು ರಚಿಸಿದ 'ಲೋಕೋಪಕಾರ'ದಲ್ಲಿ, ಮಜ್ಜಿಗೆಯಲ್ಲಿ ನೆನೆಸಿದ ಉದ್ದನ್ನು ರುಬ್ಬಿ, ಮೊಸರಿನ ತಿಳಿಯನ್ನೂ ಮಸಾಲೆಯನ್ನೂ ಬೆರೆಸಿ ಇಡ್ಡಲಿಗೆ ಮಾಡುವ ವಿಧಾನವಿದೆ. ನಾಳಿನ ಊಟಕ್ಕೆ ಇಂದೇ ಅಣಿಯಾಗುವ ವಿವೇಕ ಈ ಜನಕ್ಕೆ ಸಾವಿರ ವರ್ಷ ಹಳೆಯದು.

ಇಲ್ಲೊಂದು ಆಕ್ಷೇಪ ಏಳುವುದು ಸಹಜ. ತಂಗಳು ಉಣ್ಣಬಾರದೆಂದು ಹಿರಿಯರು ಹೇಳುತ್ತಿದ್ದರಲ್ಲವೇ? ಹೇಳುತ್ತಿದ್ದುದು ನಿಜ. ಆದರೆ ಅದೇ ಹಿರಿಯರು ನೀರಿನಲ್ಲಿ ಬೆಂದ ಅನ್ನವನ್ನು ಮುಸುರೆಯೆಂದು ಬೇರೆಯಾಗಿಟ್ಟು, ಹುರಿದ ಪುಡಿ, ಅವಲಕ್ಕಿ, ಅರಳುಗಳನ್ನು ಆ ಲೆಕ್ಕಕ್ಕೆ ಸೇರಿಸುತ್ತಿರಲಿಲ್ಲ. ಆ ಆಚಾರದ ಮೂಲ ಏನೇ ಇರಲಿ, ಇಂದಿನ ವಿಜ್ಞಾನವೂ ಈ ಎರಡನ್ನು ಬೇರೆಬೇರೆಯಾಗಿಯೇ ನೋಡುತ್ತದೆ. ಅಕ್ಕಿಯಲ್ಲಿರಬಹುದಾದ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಜೀವಿಯ ಬೀಜಕಣಗಳು ಅನ್ನ ಬೆಂದರೂ ಸಾಯುವುದಿಲ್ಲ. ಅನ್ನವು ಗಂಟೆಗಟ್ಟಲೆ ಹೊರಗೆ ಉಳಿದರೆ ಅವು ಬೆಳೆದು ವಿಷವನ್ನುಂಟುಮಾಡುತ್ತವೆ. ಮತ್ತೆ ಬಿಸಿಮಾಡಿದರೂ ಆ ವಿಷ ಹೋಗದು. ಆದುದರಿಂದ ವಾರದ ಊಟವನ್ನೆಲ್ಲ ಒಂದೇ ದಿನ ಬೇಯಿಸಿ ಡಬ್ಬಿಗಳಲ್ಲಿ ತುಂಬಿಡುವ ಇತ್ತೀಚಿನ ರೂಢಿಗಿಂತ, ಅರ್ಧ ಸಿದ್ಧತೆಯ ಹಳೆಯ ಕ್ರಮವೇ ಮೇಲು. ಅನ್ನ ಅಂದಂದೇ ಆಗಲಿ. ಬೇಯಿಸಿದ ಯಾವುದೇ ಪದಾರ್ಥ ಎರಡು ಗಂಟೆಯೊಳಗೆ ಫ್ರಿಜ್ ಸೇರಲಿ. ಮತ್ತೆ ಬಡಿಸುವಾಗ ಹಬೆಯಾಡುವಷ್ಟು ಕಾಯಲಿ. ಒಮ್ಮೆ ಕಾಯಿಸಿದ್ದು ಮರಳಿ ಒಳಗೆ ಹೋಗದಿರಲಿ.

ಹಾಗಾದರೆ ಭಾನುವಾರ ಮಾಡಬೇಕಾದುದೇನು? ಶನಿವಾರ ರಾತ್ರಿಯೇ ಹೆಸರುಕಾಳು, ಹುರುಳಿ ಅಥವಾ ಅಲಸಂದೆಯನ್ನು ನೆನೆಹಾಕಿದರೆ, ಬೆಳಗ್ಗೆ ಬಸಿದು ಬಟ್ಟೆಯಲ್ಲಿ ಕಟ್ಟಿಡಬಹುದು. ಮುಂಬಯಿಯ ಸೆಕೆಗೆ ಸೋಮವಾರದೊಳಗೆ ಮೊಳಕೆ ಬಂದಿರುತ್ತದೆ. ಮೂರು ಪಾಲು ಅಕ್ಕಿಗೆ ಒಂದು ಪಾಲು ಉದ್ದು ಸೇರಿಸಿ ರುಬ್ಬಿದ ಹಿಟ್ಟು ಹುದುಗಿದೊಡನೆ ಫ್ರಿಜ್ಜಿಗೆ ಹೋದರೆ, ಸೋಮವಾರ ಇಡ್ಲಿ, ಮಂಗಳವಾರ ದೋಸೆ, ಹುಳಿ ತಿರುಗಿದ ಬುಧವಾರ ಈರುಳ್ಳಿ ಹೆಚ್ಚಿ ಹಾಕಿದ ಪಡ್ಡು. ಕೊತ್ತಂಬರಿ ಬೀಜ, ಕಡಲೆಬೇಳೆ, ಉದ್ದಿನಬೇಳೆ, ಮೆಂತ್ಯ, ಒಣಮೆಣಸಿನಕಾಯಿಗಳನ್ನು ಬೇರೆಬೇರೆಯಾಗಿ ಹುರಿದು ಪುಡಿಮಾಡಲು ಅರ್ಧ ಗಂಟೆ ಸಾಕು. ಆ ಪುಡಿ ತಿಂಗಳ ಹುಳಿಗೆ ಆಧಾರ. ಬೇಳೆಯನ್ನು ಬೇಯಿಸಿಟ್ಟರೆ ಎರಡು ದಿನ ಸಾಗುತ್ತದೆ. ಹುರುಳಿಕಾಯಿ, ಕ್ಯಾರೆಟ್‌ಗಳನ್ನು ತೊಳೆದು ಒರೆಸಿ ಇಡಬಹುದು. ಸೊಪ್ಪನ್ನು ಮಾತ್ರ ಮೊದಲೇ ಹೆಚ್ಚಿಡಬಾರದು; ಹೆಚ್ಚಿಟ್ಟಷ್ಟೂ ಅದರ ಸಿ ಜೀವಸತ್ವ ನಷ್ಟ. ಇಷ್ಟಾದರೆ ರಾತ್ರಿ ಎಂಟಕ್ಕೆ ಬಂದವರು ಎಂಟೂವರೆಗೆ ಬಿಸಿ ಹುಳಿ, ಮೊಳಕೆಕಾಳಿನ ಉಸಲಿ, ಅನ್ನ ಅಥವಾ ರೊಟ್ಟಿಯ ಮುಂದೆ ಕುಳಿತಿರಬಹುದು. ಹೋಟೆಲಿನ ಪೊಟ್ಟಣಕ್ಕಾಗಿ ಕಾಯುವ ಹೊತ್ತು ಅದಕ್ಕಿಂತ ಕಡಮೆಯೇನಲ್ಲ.

ರಾಗಿಯ ವಿಚಾರದಲ್ಲಿ ಎರಡು ಮಾತು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದು 10ರ ಆಸುಪಾಸು. ವಿಶ್ವಸಂಸ್ಥೆ 2023ನ್ನು ಸಿರಿಧಾನ್ಯಗಳ ವರ್ಷವೆಂದು ಆಚರಿಸಿದ ಮೇಲೆ, ಊರಿನಲ್ಲಿ ಬಡವರ ಊಟವೆನಿಸಿದ್ದ ರಾಗಿಗೆ ಅಂಗಡಿಗಳಲ್ಲಿ ಮರ್ಯಾದೆ ಬಂದಿದೆ. ಆದರೂ ಅದು ಪಿಷ್ಟವೇ ಸರಿ. ರಾಗಿಯೆಂದ ಮಾತ್ರಕ್ಕೆ ಮಧುಮೇಹಿಗಳು ಮಿತಿ ಮರೆಯುವಂತಿಲ್ಲ. ಏಕದಳ ಧಾನ್ಯಗಳಿಂದ ದೊರೆಯುವ ಶಕ್ತಿ ಒಟ್ಟಿನ ಶೇಕಡಾ 45ನ್ನು ಮೀರಬಾರದೆಂಬುದು 2024ರ ಮಾರ್ಗಸೂಚಿಯ ಸಲಹೆ. ಮುದ್ದೆ ಚಿಕ್ಕದಾಗಿ, ಜೊತೆಯ ಕಾಳು-ಸೊಪ್ಪು ಹೆಚ್ಚಾಗಿರುವ ತಟ್ಟೆಯೇ ಹಿತ.

ಹಳೆಯದೆಲ್ಲವೂ ಹಿತವೆಂದೂ ಇಲ್ಲ. ಫ್ರಿಜ್ ಇಲ್ಲದ ಕಾಲದಲ್ಲಿ ಉಪ್ಪಿನಕಾಯಿ, ಹಪ್ಪಳ, ಬಾಳಕದ ಮೆಣಸಿನಕಾಯಿಗಳನ್ನು ಕಾಯುತ್ತಿದ್ದುದು ಉಪ್ಪು. ಹೊಲದಲ್ಲಿ ಬೆವರು ಸುರಿಸುತ್ತಿದ್ದವರಿಗೆ ಅದು ನಡೆಯಿತು. ಕುರ್ಚಿಯಲ್ಲಿ ಕುಳಿತು ದಿನ ಕಳೆಯುವವರಿಗೆ ನಡೆಯದು. ದಿನಕ್ಕೆ 5 ಗ್ರಾಂ, ಎಂದರೆ ಸುಮಾರು ಒಂದು ಟೀ ಚಮಚೆಗಿಂತ ಕಡಮೆ ಉಪ್ಪು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಕಾಯುವ ಕೆಲಸವನ್ನು ಈಗ ಫ್ರಿಜ್ ವಹಿಸಿಕೊಂಡಿರುವುದರಿಂದ ಉಪ್ಪಿಗೆ ವಿಶ್ರಾಂತಿ ಕೊಡಬಹುದು.

ಆದರೆ ಇವೆಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇನ್ನೊಂದಿದೆ: ಈ ಭಾನುವಾರದ ದುಡಿಮೆ ಯಾರದು? ಊರಿನ ಹಜಾರದಲ್ಲಿ ಹಪ್ಪಳ ಒತ್ತಲು ಅತ್ತೆ, ಸೊಸೆ, ನಾದಿನಿ, ನೆರೆಮನೆಯವರೆಂದು ಹತ್ತು ಕೈಗಳಿದ್ದವು. ಮಹಾನಗರದ ಎರಡು ಕೋಣೆಯ ಮನೆಯಲ್ಲಿರುವುದು ಒಂದು ಜೊತೆ ಕೈ. ಆ ಕೈಗಳೂ ವಾರವಿಡೀ ಕಚೇರಿಯಲ್ಲಿ ದುಡಿದಿರುತ್ತವೆ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯಂತೆ, ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ದಿನಕ್ಕೆ 289 ನಿಮಿಷ ದುಡಿದರೆ ಗಂಡಸರು ದುಡಿಯುವುದು 88 ನಿಮಿಷ. ಈ ಜಮಾ-ಖರ್ಚು ಸರಿಹೋಗದೆ ಮನೆಯೂಟದ ಹಿರಿಮೆಯನ್ನು ಕೊಂಡಾಡುವುದೆಂದರೆ, ಒಬ್ಬಳ ಆರೋಗ್ಯವನ್ನು ಅಡವಿಟ್ಟು ಉಳಿದವರ ಆರೋಗ್ಯವನ್ನು ಕೊಳ್ಳುವುದೇ ಆಗುತ್ತದೆ. ಪುಡಿ ಹುರಿಯಲು ಗಂಡನೂ, ಕಾಳು ಆರಿಸಲು ಮಗನೂ ಕುಳಿತ ಮನೆಯಲ್ಲಿ ಮಾತ್ರ ಈ ಕ್ರಮ ಬಾಳುತ್ತದೆ. ಓದಿಗಾಗಿ, ಉದ್ಯೋಗಕ್ಕಾಗಿ ನಾಳೆ ಬೇರೊಂದು ನಗರದಲ್ಲಿ ಒಂಟಿಯಾಗಿ ಕೋಣೆ ಹಿಡಿಯುವವನು ಆ ಮಗನೇ. 2020ರ ಲಾಕ್‌ಡೌನ್‌ನಲ್ಲಿ ಮೆಸ್ಸು, ಹೋಟೆಲುಗಳು ಮುಚ್ಚಿದಾಗ ಅನ್ನಕ್ಕೆ ಎಷ್ಟು ನೀರೆಂದು ತಿಳಿಯದೆ ಊರಿಗೆ ಫೋನು ಹಚ್ಚಿದ ತರುಣರು ಕಡಮೆಯೇನಿರಲಿಲ್ಲ.

ಅಮ್ಮನ ಕೈಯಳತೆ ಬಹಳ ಮನೆಗಳಲ್ಲಿ ಇನ್ನೂ ಬರಹಕ್ಕೆ ಇಳಿದಿಲ್ಲ. ಮುಂದಿನ ಬೇಸಿಗೆಯಲ್ಲಿ ಊರಿಗೆ ಹೋದವರು ಡಬ್ಬಿಗಳ ಜೊತೆಗೆ ಒಂದು ತಕ್ಕಡಿಯನ್ನೂ ಒಂದು ನೋಟುಪುಸ್ತಕವನ್ನೂ ಅಡುಗೆಮನೆಗೆ ಒಯ್ದು, ಅವರ 'ಒಂದು ಹಿಡಿ' ಎಷ್ಟು ಗ್ರಾಂ ಎಂಬುದನ್ನು ತೂಗಿ ಬರೆದುಕೊಳ್ಳಬೇಕು. ಸಂಘಗಳೂ ವರ್ಷಕ್ಕೊಂದು ಭಾನುವಾರವನ್ನು ಇದಕ್ಕೆ ಮೀಸಲಿಟ್ಟು, ಹಿರಿಯ ಗೃಹಿಣಿಯರಿಂದ ತರುಣ ತರುಣಿಯರಿಗೆ ಕಲಿಸಬಹುದು. ತಂದ ಪುಡಿ ಚೌತಿಗೆ ಮುಗಿಯುತ್ತದೆ. ಕಲಿತ ಕೈ ಮುಗಿಯುವುದಿಲ್ಲ.